ಹುಳ ಹಿಸುಕುವ ಕೈ

ಸಿಸ್ಟರಮ್ಮ ತೀರಿಕೊಂಡ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳಿದವನು ಪುಟ್ಟಸ್ವಾಮಿ. ಅವರ ಬಲಗೈಯ ಎರಡು ಬೆರಳು ಕಡಿದವನೂ ಅವನೇ.

"ಅವ್ವ ಹೋಗ್ಬುಟ್ರು ಕಣಣ್ಣ. ಬೆಳಗ್ಗೆ ಕುಂಡದ್ ತಾವ ಕುಂತಿದ್ದಂಗೇ ಒರಗ್ಬುಟ್ರು. ಸಾಯಂಕಾಲಕ್ಕೆ ಮಣ್ಣು. ಬಾ," ಎಂದ. ನಾನು ಚನ್ನಪಟ್ಟಣದ ಅಂಚೆ ಕಚೇರಿಯ ಕೌಂಟರಿನಲ್ಲಿದ್ದೆ. ಎದುರಿಗೆ ಸಾಲು ನಿಂತಿತ್ತು. "ಸ್ಟಾಂಪ್ ಕೊಡಿ ಸ್ವಾಮಿ" ಎಂದು ಯಾರೋ ಎರಡು ಸಲ ಕೇಳಿದ ಮೇಲೆ ನನಗೆ ಎಚ್ಚರವಾಯಿತು.

ಬೆರಳುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಕೈಯ ವಿಷಯ ಹೇಳಬೇಕು.

ಆಗ ನಾನು ಕೈಲಾಂಚ ಹೋಬಳಿಯ ಹಳ್ಳಿಗಳಿಗೆ ಟಪಾಲು ಹಂಚುತ್ತಿದ್ದೆ. ಸಿಸ್ಟರಮ್ಮ ಅದೇ ಸೀಮೆಯಲ್ಲಿ ಆರೋಗ್ಯ ಕೇಂದ್ರದ ನರ್ಸಾಗಿದ್ದು ನಿವೃತ್ತರಾಗಿದ್ದರು. ಊರ ಕೊನೆಯಲ್ಲಿ ಎರಡು ಕೋಣೆಯ ಮನೆ, ಹಿಂದೆ ಒಂದಿಷ್ಟು ಹಿತ್ತಿಲು. ಅಲ್ಲಿ ಹಸಿರು ಬಲೆ ಕಟ್ಟಿ, ಅದರ ಕೆಳಗೆ ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಿದ್ದರು. ಎಲ್ಲವೂ ಅಮರಿಲ್ಲಿಸ್, ಈರುಳ್ಳಿಯಂಥ ಗೆಡ್ಡೆಯ ಹೂಗಿಡ. ಊರವರು ಅದನ್ನು 'ಸಿಸ್ಟರಮ್ಮನ ಈರುಳ್ಳಿ ತೋಟ' ಎನ್ನುತ್ತಿದ್ದರು, ಅವರ ಕಿವಿಗೆ ಬೀಳದ ಹಾಗೆ.

ನಮ್ಮ ಪರಿಚಯವಾದದ್ದು ಅವರು ನನ್ನ ಕೊರಳಪಟ್ಟಿ ಹಿಡಿದುಕೊಂಡಾಗ. ಯಾವುದೋ ದೂರದ ದೇಶದಿಂದ ಅವರಿಗೊಂದು ಲಕೋಟೆ ಬಂದಿತ್ತು. ದಾರಿಯಲ್ಲಿ ಯಾರೋ ಬಿಚ್ಚಿ ನೋಡಿ, ಮತ್ತೆ ಅಂಟಿಸಿ, ಅದರ ಮೇಲೆ ಭಾರದ ಮೊಹರು ಕುಟ್ಟಿದ್ದರು. ಒಳಗಿದ್ದ ಬೀಜ ಪುಡಿಯಾಗಿತ್ತು. ಸಿಸ್ಟರಮ್ಮ ಲಕೋಟೆಯನ್ನು ಅಂಗೈಗೆ ಸುರಿದುಕೊಂಡು ನೋಡಿದರು. ಇನ್ನೊಂದು ಕೈ ನೇರ ನನ್ನ ಕುತ್ತಿಗೆಗೇ ಬಂತು.

"ಯಾವನ್ಲಾ ಕುಟ್ದೋನು?"

"ನಾನಲ್ಲಮ್ಮ, ಮೇಲಿನ ಆಫೀಸು…"

"ಮೇಲಿನೋನು ನಂಗೆ ಸಿಗಾಕಿಲ್ಲ. ನೀನು ಸಿಕ್ಕಿದ್ದೀಯ."

ಉಸಿರು ಕಟ್ಟುವ ತನಕ ಹಿಡಿದಿದ್ದು ಬಿಟ್ಟರು. ಆಮೇಲೆ ಪುಡಿಯಲ್ಲಿ ಇಡಿಯಾಗಿ ಉಳಿದಿದ್ದ ಏಳೆಂಟು ಬೀಜಗಳನ್ನು ಆಯ್ದು, ಬಟ್ಟಲಿನ ನೀರಿನ ಮೇಲೆ ಬಿಟ್ಟು ನನಗೆ ತೋರಿಸಿದರು. ಸುಟ್ಟ ಕಾಗದದ ಚೂರಿನ ಹಾಗೆ ಕಪ್ಪಗೆ, ತೆಳ್ಳಗೆ ತೇಲುತ್ತಿದ್ದವು. "ಹಿಂಗೇ ನೀರ್ ಮ್ಯಾಲೆ ಬೇರು ಬುಡ್ತವೆ. ಹೂ ಬುಡೋಕೆ ನಾಕೊರ್ಸ ಆಗ್ಬೋದು, ಹತ್ತೊರ್ಸ ಆಗ್ಬೋದು. ಕಾಫಿ ಕುಡಿತೀಯಾ?" ಕತ್ತು ಉಜ್ಜಿಕೊಳ್ಳುತ್ತಾ ಕುಡಿದೆ.

ಅವರು ಹೊಡೆಯುವವರು. ಇದನ್ನು ಸಿಹಿ ಮಾಡಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಬಸುರಿ ಹೆಂಡತಿಯ ಹೊಟ್ಟೆಗೆ ಒದ್ದ ಒಬ್ಬನನ್ನು ಆರೋಗ್ಯ ಕೇಂದ್ರದ ಮೆಟ್ಟಿಲ ಮೇಲೆಯೇ, ಸೂಜಿ ಇಡುವ ಸ್ಟೀಲಿನ ಟ್ರೇಯಿಂದ ಬಾರಿಸಿ ಮುಂದಿನ ಹಲ್ಲು ಉದುರಿಸಿದ್ದರು. ಆ ಕತೆಯನ್ನು ಊರು ಹೆಮ್ಮೆಯಿಂದ ಹೇಳುತ್ತಿತ್ತು. ಆದರೆ ಹೆರಿಗೆ ನೋವಿನಲ್ಲಿ ಕಿರುಚುವವರ ತೊಡೆಗೂ ಅದೇ ಕೈ ಬೀಳುತ್ತಿತ್ತು. ಪುಟ್ಟಸ್ವಾಮಿಯ ಹೆಂಡತಿ ಜಯಮ್ಮ ಒಮ್ಮೆ ನನ್ನ ಹತ್ತಿರ ಹೇಳಿದ್ದಳು: "ನನ್ ದೊಡ್ಡೋನು ಉಳ್ಕಂಡಿದ್ದು ಅವ್ವನಿಂದ್ಲೇ. ಆದ್ರೆ ಆ ಏಟು ಈಗ್ಲೂ ಕನಸಲ್ಲಿ ಬತ್ತದೆ ಕಣಣ್ಣ." ಇದನ್ನೇ ನಾನು ಸಿಸ್ಟರಮ್ಮನಿಗೆ ಹೇಳಿದಾಗ ಅವರು, "ನಂಗೆ ಕಲಿಸ್ದೋರು ಹಂಗೇ ಕಲಿಸಿದ್ರು. ತಪ್ಪೇ ಇರ್ಬೋದು," ಎಂದರು. ತಮ್ಮದೇ ತಪ್ಪಿಗೆ ಅವರು ಹಾಗೆಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವರ ಕತ್ತಿನ ಹಿಂದೆ ಅಂಗೈಯಗಲದ ಸುಟ್ಟ ಕಲೆ ಇತ್ತು. ಗಂಡನ ಬಗ್ಗೆ ಯಾರಾದರೂ ಕೇಳಿದರೆ "ಇದ್ದ, ಈಗಿಲ್ಲ" ಎನ್ನುತ್ತಿದ್ದರು. ಆ ಎರಡಕ್ಕೂ ನಂಟಿದೆಯೇ ಎಂದು ಕೇಳುವ ಧೈರ್ಯ ನನಗಾಗಲೇ ಇಲ್ಲ.

ಗಿಡಗಳ ಜೊತೆಗೂ ಅವರದು ಅದೇ ಕೈ. ಮೊದಲ ಗೆಡ್ಡೆ ಅವರು ತರಬೇತಿ ಪಡೆದ ಆಸ್ಪತ್ರೆಯ ಅಂಗಳದ್ದಂತೆ, ಮಾಮೂಲು ಕೆಂಪು ಹೂವಿನದು. ಅಲ್ಲಿಂದ ಶುರುವಾಗಿ, ಬರಬರುತ್ತಾ ಮನುಷ್ಯರು ಬೆರಕೆ ಮಾಡಿದ ಅಂಗಡಿ ಹೂಗಳೆಲ್ಲ ಅವರಿಗೆ ಬೇಡವಾದವು. ಕಾಡಿನಲ್ಲಿ ಹೇಗೆ ಹುಟ್ಟಿತ್ತೋ ಹಾಗೇ ಇರುವ ಮೂಲ ಜಾತಿಗಳೇ ಬೇಕು. ಚಿಟ್ಟೆಯ ರೆಕ್ಕೆಯಂತೆ ಮರೂನ್ ಗೆರೆ ಬರೆದ ಹೂವಿನದು ಒಂದು. ಎಲೆಯ ನಡುವೆ ಸುಣ್ಣದ ಗೆರೆ ಎಳೆದಂತಿದ್ದದ್ದು ಇನ್ನೊಂದು. ಹಸಿರು ಹೂ ಬಿಡುವ, ಮರದ ಮೇಲೆ ಬೆಳೆಯುವ ಮತ್ತೊಂದು. ಅವುಗಳ ಲ್ಯಾಟಿನ್ ಹೆಸರುಗಳನ್ನು ಸಿಸ್ಟರಮ್ಮ ಬೈಗುಳದ ಹಾಗೆ ಒದರುತ್ತಿದ್ದರು.

ಮರಿ ಹಾಕದ ಗೆಡ್ಡೆಯನ್ನು ಹೆಚ್ಚಿಸಬೇಕಾದರೆ ಅದನ್ನು ಕಡಿಯಬೇಕು. ಆಪರೇಷನ್ ಬ್ಲೇಡಿನಲ್ಲಿ ಗೆಡ್ಡೆಯನ್ನು ಮೇಲಿಂದ ಕೆಳಕ್ಕೆ ಹೋಳು ಹೋಳಾಗಿ ಸೀಳಿ, ಪ್ರತಿ ಹೋಳಿಗೂ ಬುಡದ ಚೂರು ಅಂಟಿಕೊಂಡಿರುವಂತೆ ನೋಡಿಕೊಂಡು, ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿ ಕಪಾಟಿನಲ್ಲಿ ಇಡುತ್ತಿದ್ದರು. ವರ್ಷಗಟ್ಟಲೆ ಸಾಕಿದ ಗೆಡ್ಡೆಗೆ ಬ್ಲೇಡು ಇಳಿಸುವಾಗ ಅವರ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ನಾನು ಮುಖ ಕಿವುಚಿದರೆ, "ನೋವಾಯ್ತದೆ ಅಂತ ಕುಂತ್ರೆ ಯಾವ್ದೂ ಹುಟ್ಟಾಕಿಲ್ಲ," ಎನ್ನುತ್ತಿದ್ದರು. ಎಲೆಯಲ್ಲಿ ವೈರಸ್ಸಿನ ತೇಪೆ ಕಂಡಿತೋ, ಅದು ಎಷ್ಟೇ ಅಪರೂಪದ್ದಾದರೂ ಒಲೆಗೆ. ಒಂದು ಸಲ ಸಾಲಾಗಿ ಒಂಬತ್ತು ಗೆಡ್ಡೆ ಸುಟ್ಟರು. ಅವು ಬೆಂಕಿಯಲ್ಲಿ ಚಟಪಟ ಸಿಡಿಯುತ್ತಿದ್ದವು. ಅವರು ಕಟ್ಟಿಗೆಯನ್ನು ಇನ್ನಷ್ಟು ಒಳಕ್ಕೆ ತಳ್ಳಿದರು.

ಬೆಂಗಳೂರಿನಿಂದ ಕಾರಿನಲ್ಲಿ ಗಿಡ ನೋಡಲು ಬಂದ ಒಬ್ಬ ಸಭ್ಯಸ್ಥ, ಹೊರಡುವಾಗ ಒಂದು ಮರಿಗೆಡ್ಡೆಯನ್ನು ಜೇಬಿಗಿಳಿಸಿದ. ಸಿಸ್ಟರಮ್ಮ ಗೇಟಿನ ತನಕ ಮಾತಾಡುತ್ತಲೇ ಹೋಗಿ, ಅಲ್ಲಿ ಅವನ ಮುಂಗೈ ಹಿಡಿದು ತಿರುಚಿದರು. ಅವನು ಮಂಡಿಯೂರಿ ಕೂಗಿಕೊಂಡ. ಗೆಡ್ಡೆ ಹೊರಬಂತು. ಅದನ್ನು ಪೇಪರಿನಲ್ಲಿ ಸುತ್ತಿ ಮತ್ತೆ ಅವನ ಕೈಗೇ ಕೊಟ್ಟರು. "ಕೇಳಿದ್ರೆ ಕೊಡ್ತಿದ್ದೆ. ಹೋಗು, ನೀರ್ ಜಾಸ್ತಿ ಹಾಕ್ಬ್ಯಾಡ."

ಎಲ್ಲಕ್ಕಿಂತ ಹೆಚ್ಚಿನ ಯುದ್ಧ ಹುಳದ ಜೊತೆ. ಕಪ್ಪು ಮೈ, ಬಿಳಿ ಚುಕ್ಕಿ, ಕೆಂಪು ತಲೆಯ ಒಂದು ಕಂಬಳಿಹುಳ. ಮಳೆಗಾಲ ಹಿಡಿಯಿತೆಂದರೆ ಎಲೆಯ ಒಳಗಿಂದ ಕೊರೆದುಕೊಂಡು ಗೆಡ್ಡೆಯ ತಿರುಳಿಗಿಳಿಯುತ್ತದೆ. ಎರಡು ದಿನ ನೋಡದಿದ್ದರೆ ಗೆಡ್ಡೆ ಕೊಳೆತ ರಾಡಿ. ಸಿಸ್ಟರಮ್ಮ ಬೆಳಗ್ಗೆ, ಸಂಜೆ ಎಲೆ ಎಲೆ ತಿರುವಿ, ಹೆಬ್ಬೆರಳು ತೋರುಬೆರಳ ಮಧ್ಯೆ ಒಂದೊಂದನ್ನೇ ಹಿಸುಕುತ್ತಿದ್ದರು. ಚಿಟ್ ಎಂದು ಹಸಿರು ರಸ ಹಾರುತ್ತಿತ್ತು. ಬೆರಳನ್ನು ಸೆರಗಿಗೆ ಒರೆಸಿ ಮುಂದಿನ ಎಲೆ.

"ಔಷಧಿ ಹೊಡೀಬಾರ್ದೇನಮ್ಮ?" ಎಂದು ಕೇಳಿದ್ದಕ್ಕೆ ಅವರು ಬೇಲಿಯ ಕಡೆ ಕೈ ತೋರಿಸಿದ್ದರು. ಬೇಲಿಯ ಆಚೆ ಪುಟ್ಟಸ್ವಾಮಿಯ ಹಿಪ್ಪುನೇರಳೆ ತೋಟ, ಅದರಾಚೆ ಅವನ ರೇಷ್ಮೆಹುಳದ ಮನೆ. "ಒಂದ್ ತೊಟ್ಟು ಗಾಳೀಲಿ ಹಾರಿ ಆ ಸೊಪ್ಪಿನ್ ಮ್ಯಾಲೆ ಬಿತ್ತು ಅಂದ್ರೆ ಅವನ ಹುಳ ವಾಂತಿ ಮಾಡ್ಕಂಡ್ ಸಾಯ್ತವೆ. ನನ್ ಹುಳ ಸಾಯ್ಲಿ ಅಂತ ಅವನ್ ಹುಳ ಕೊಲ್ಲಾಕಾಯ್ತದ? ಕೈ ಐತಲ್ಲ, ಸಾಕು."

ಈ ಮಾತು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಅದು ಆಷಾಢ. ಕನಕಪುರದಲ್ಲಿದ್ದ ತಂಗಿಯ ಮಗಳಿಗೆ ಹೆರಿಗೆ ಕಷ್ಟವಾಗಿದೆಯೆಂದು ಸಿಸ್ಟರಮ್ಮ ಮೂರು ದಿನ ಹೋಗಬೇಕಾಯಿತು. ಅಷ್ಟು ಹೊತ್ತಿಗೆ ಗಿಡದ ಹುಚ್ಚು ನನಗೂ ಅಂಟಿ, ದಿನಾ ಟಪಾಲು ಮುಗಿಸಿ ಅಲ್ಲಿಗೇ ಹೋಗುತ್ತಿದ್ದೆ. ಬೀಗದ ಕೈಯನ್ನು ನನ್ನ ಕೈಗಿಟ್ಟು, "ಎರಡೊತ್ತು ಹುಳ ನೋಡು. ನೀಲೀನ ಮೂರೊತ್ತು ನೋಡು," ಎಂದರು.

ನೀಲಿ ಎಂದರೆ ಅವರ ಜೀವ. ಬ್ರೆಜಿಲ್ ದೇಶದ ಯಾವುದೋ ಜಲಪಾತದ ಪಕ್ಕದ ಬಂಡೆಗಳಲ್ಲಿ ಮಾತ್ರ ಹುಟ್ಟುವ, ನೀಲಿ ಹೂವಿನ, ಅಮರಿಲ್ಲಿಸ್ ಬಳಗದ ಗಿಡ. ಕುಡುಗೋಲಿನಂತೆ ಬಾಗಿದ ಎಲೆ. ಮಣ್ಣು ಸೇರುವುದಿಲ್ಲವೆಂದು ಕ್ವಾರಿಯಿಂದ ಜಲ್ಲಿಪುಡಿ ತರಿಸಿ ಅದರಲ್ಲಿ ನೆಟ್ಟಿದ್ದರು. ಬೀಜದಿಂದ ಬೆಳೆಸಿ ಹನ್ನೊಂದು ವರ್ಷವಾಗಿತ್ತು. ಆ ಆಷಾಢದಲ್ಲಿ ಮೊದಲ ಸಲ ಮೊಗ್ಗಿನ ದಂಟು ಹೊರಟಿತ್ತು.

ಎರಡನೆಯ ದಿನ ಸಂಜೆ ಹೋಗಿ ನೋಡಿದರೆ ಎಲ್ಲಿ ನೋಡಿದರೂ ಹುಳ. ಹಿಂದಿನ ಸಂಜೆಯೂ ಅಂದು ಬೆಳಗ್ಗೆಯೂ ನಾನು ಹೋಗಿರಲಿಲ್ಲ, ಮನೆಗೆ ನೆಂಟರು ಬಂದಿದ್ದರು. ನೀಲಿಯ ದಂಟಿನ ಬುಡದಲ್ಲಿ ನಾಲ್ಕು ಹುಳ ಮೇಯುತ್ತಿದ್ದವು. ಅವನ್ನು ಹಿಸುಕಿದೆ. ಉಳಿದದ್ದನ್ನೆಲ್ಲ ಹಿಸುಕುತ್ತಾ ಕೂರುವಷ್ಟು ಹೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಗಾಡಿ ತಿರುಗಿಸಿ ರಾಮನಗರಕ್ಕೆ ಹೋಗಿ ಒಂದು ಪುಟ್ಟ ಬಾಟಲಿ ತಂದೆ. ಕೈಪಂಪಿಗೆ ಹಾಕಿ ಪ್ರತಿ ಕುಂಡಕ್ಕೂ ಹೊಡೆದೆ. ಬಲೆ ಪಟಪಟ ಬಡಿದುಕೊಳ್ಳುವಷ್ಟು ಗಾಳಿಯಿತ್ತು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನಾನು ನೋಡಲಿಲ್ಲ.

ಮಾರನೆಯ ಬೆಳಗ್ಗೆ ಪುಟ್ಟಸ್ವಾಮಿ ಬೇಲಿ ಪಕ್ಕದ ಸೊಪ್ಪು ಕೊಯ್ದು ಹುಳಕ್ಕೆ ಹಾಕಿದ. ಇನ್ನೆರಡು ದಿನದಲ್ಲಿ ಗೂಡು ಕಟ್ಟಬೇಕಿದ್ದ ಹುಳಗಳು. ಮಧ್ಯಾಹ್ನದ ಹೊತ್ತಿಗೆ ತಲೆ ಒಗೆಯುತ್ತಾ, ಹಸಿರು ಕಕ್ಕುತ್ತಾ, ತಟ್ಟೆ ತಟ್ಟೆಯೇ ಸತ್ತುಬಿದ್ದವು. ಆ ಮಧ್ಯಾಹ್ನವೇ ಸಿಸ್ಟರಮ್ಮ ಬಸ್ಸಿಳಿದು ಬಂದಿದ್ದರು. ಬೀಗದ ಕೈ ಕೊಡಲು ನಾನೂ ಹಿತ್ತಿಲಲ್ಲಿದ್ದೆ.

ಪುಟ್ಟಸ್ವಾಮಿ ಬೇಲಿ ಮುರಿದುಕೊಂಡು ಬಂದ. ಒಂದು ಕೈಯಲ್ಲಿ ಮಚ್ಚು, ಇನ್ನೊಂದು ಮುಷ್ಟಿಯಲ್ಲಿ ಸತ್ತ ಹುಳ. ಅವನ್ನು ಸಿಸ್ಟರಮ್ಮನ ಕಾಲ ಬಳಿ ಎಸೆದ.

"ಔಷಧಿ ಯಾವೋನ್ ಹೊಡ್ದಿದ್ದು? ಬಾಯ್ ಬುಡಿ!"

ಸಿಸ್ಟರಮ್ಮ ಬಗ್ಗಿ ಒಂದು ಎಲೆ ಕಿತ್ತು ಮೂಸಿದರು. ತಲೆಯೆತ್ತಿ ನನ್ನ ಕಡೆ ನೋಡಿದರು. ಒಂದೇ ಒಂದು ಸಲ. ನಾನು ನೆಲ ನೋಡಿದೆ.

"ನನ್ ಮನೆ, ನನ್ ಗಿಡ," ಎಂದರು. "ನಾನಲ್ದೆ ಇನ್ಯಾರ್ಲಾ ಹೊಡಿತಾರೆ? ಊರಿಗೆ ಹೋಗೋವಾಗ ಹೊಡ್ದು ಹೋದೆ. ಗಾಳಿ ನೋಡ್ನಿಲ್ಲ. ತಪ್ಪಾಯ್ತು."

"ತಪ್ಪಾಯ್ತಾ? ನಿಮ್ ಹೂವಿಗೋಸ್ಕರ ನನ್ ಮನೆ ತೊಳುದ್ಬುಟ್ರಲ್ಲ!"

ಮೊದಲ ಏಟು ಬಿದ್ದದ್ದು ಬಾಗಿಲ ಪಕ್ಕದ ಸಾಲಿಗೆ. ಕುಂಡಗಳು ಒಡೆದು ಹಾರಿದವು. ಮಚ್ಚು ಒಳಗಿಳಿದು ಮೇಲೆದ್ದಾಗಲೆಲ್ಲ ಬಿಳಿ ಗೆಡ್ಡೆಯ ಚೂರು ಅದಕ್ಕೆ ಅಂಟಿಕೊಂಡು ಬರುತ್ತಿತ್ತು. ಅವನು ಅಳುತ್ತಲೇ ಕೊಚ್ಚುತ್ತಿದ್ದ. ಚಿಟ್ಟೆ ಹೂವಿನದು ಹೋಯಿತು, ಸುಣ್ಣದ ಗೆರೆಯದು ಹೋಯಿತು. ಸಿಸ್ಟರಮ್ಮ ಅಲ್ಲಾಡದೆ ನಿಂತು ನೋಡಿದರು. ಅವನು ನೀಲಿಯ ಕಡೆ ತಿರುಗಿದಾಗ ಮಾತ್ರ, "ಅದೊಂದ್ ಬುಡ್ಲಾ," ಎಂದು ಮುಂದೆ ನುಗ್ಗಿ ಮೊಗ್ಗಿಗೆ ಕೈ ಅಡ್ಡ ಹಿಡಿದರು. ಮಚ್ಚು ಆಗಲೇ ಇಳಿಯುತ್ತಿತ್ತು.

ದಂಟೂ ಬೆರಳೂ ಒಟ್ಟಿಗೆ ಬಿದ್ದವು. ಕಿರುಬೆರಳು, ಅದರ ಪಕ್ಕದ್ದು. ಜಲ್ಲಿಪುಡಿಯ ಮೇಲೆ ರಕ್ತ ಸುರಿದು ಕ್ಷಣದಲ್ಲಿ ಇಂಗಿಹೋಗುತ್ತಿತ್ತು.

ಮಚ್ಚು ಪುಟ್ಟಸ್ವಾಮಿಯ ಕೈಯಿಂದ ತಾನಾಗಿ ಜಾರಿತು. ಅವನು ತನ್ನ ಕೈಯನ್ನು ನೋಡಿಕೊಂಡ, ಅವರ ಕೈಯನ್ನು ನೋಡಿದ, ಅಲ್ಲೇ ಕುಸಿದು ಕೂತ. ಸಿಸ್ಟರಮ್ಮನೇ ಎಡಗೈಯಲ್ಲಿ ಬಲ ಮುಂಗೈ ಅದುಮಿಕೊಂಡು ಗದರಿದರು: "ಏನ್ಲಾ ನೋಡ್ತಾ ಕುಂತ್ರಿ ಇಬ್ರೂ? ಪೋಸ್ಟು, ನನ್ ಸೆರಗು ಹರಿ. ಇಲ್ಲಿ ಕಟ್ಟು. ಬಿಗಿ. ಇನ್ನೂ ಬಿಗಿ, ಹೆಣಕ್ ಕಟ್ದಂಗ್ ಕಟ್ಬ್ಯಾಡ. ಪುಟ್ಟಾ, ಗಾಡಿ ತಗಿ."

ಮೂವರೂ ಒಂದೇ ಬೈಕಿನಲ್ಲಿ ರಾಮನಗರಕ್ಕೆ ಹೋದೆವು. ಕಡಿದವನು ಮುಂದೆ, ಕಡಿಸಿಕೊಂಡವರು ನಡುವೆ, ಕಾರಣನಾದವನು ಹಿಂದೆ. ಬೆರಳುಗಳು ಒದ್ದೆ ಬಟ್ಟೆಯಲ್ಲಿ ನನ್ನ ಮುಷ್ಟಿಯಲ್ಲಿದ್ದವು. ದಾರಿಯುದ್ದಕ್ಕೂ ಪುಟ್ಟಸ್ವಾಮಿ "ಅವ್ವಾ, ಅವ್ವಾ" ಎನ್ನುತ್ತಿದ್ದ. ಅವರು "ರಸ್ತೆ ನೋಡ್ಲಾ" ಎನ್ನುತ್ತಿದ್ದರು.

ಬೆರಳು ಕೂಡಿಸಲಾಗಲಿಲ್ಲ. ಗಾಯ ಹೊಲಿಯುತ್ತಾ ಡಾಕ್ಟರು ಕೇಳಿದರು, "ಹೇಗಾಯ್ತು?"

"ಗೆಡ್ಡೆ ಸೀಳ್ತಿದ್ದೆ, ಮಚ್ಚು ಜಾರ್ತು."

"ಬಲಗೈಯಲ್ಲಿ ಮಚ್ಚು ಹಿಡಿದು ಬಲಗೈ ಬೆರಳನ್ನೇ ಹೇಗಮ್ಮ ಕಡ್ಕೊಂಡ್ರಿ?"

"ನಾನು ಎಡಚಿ ಕಣಪ್ಪ. ಹೊಲಿ ಸುಮ್ಕೆ."

ಪೊಲೀಸಿನವರು ಬಂದಾಗಲೂ ಅದೇ ಮಾತು. ಎರಡು ಸಲ ಕೇಳಿದರು, ಎರಡು ಸಲವೂ ಅದೇ ಮಾತು, ಅದೇ ಗದರಿಕೆ. ಅವರು ಬರೆದುಕೊಂಡು ಹೋದರು.

ಪುಟ್ಟಸ್ವಾಮಿ ಟೀ ತರಲು ಹೋದಾಗ ಸಿಸ್ಟರಮ್ಮ ನನ್ನನ್ನು ಮಂಚದ ಹತ್ತಿರ ಕರೆದರು. ಬಗ್ಗಿದೆ. ಎಡಗೈಯಿಂದ ಕಪಾಳಕ್ಕೆ ಹೊಡೆದರು. ಕಿವಿಯೊಳಗೆ ಗುಂಯ್ ಎಂದಿತು. ಸಾವರಿಸಿಕೊಳ್ಳುವುದರೊಳಗೆ ಇನ್ನೊಂದು.

"ಒಂದು ಹುಳಗಳಿಗೆ. ಇನ್ನೊಂದು, ತಲೆ ಬಗ್ಗಿಸ್ಕಂಡು ನಿಂತಿದ್ಯಲ್ಲ, ಅದಕ್ಕೆ." ಆಮೇಲೆ ದನಿ ತಗ್ಗಿಸಿ ಹೇಳಿದರು: "ಮಚ್ಚು ಇತ್ತು ಅವನ್ ಕೈಲಿ. ನಿಂಗೆ ಸಣ್ ಸಣ್ ಮಕ್ಳು. ನಂಗಾದ್ರೆ ಕೈ ಎತ್ತಾಕಿಲ್ಲ ಅಂದ್ಕಂಡೆ. ಈಗ ಮಚ್ಚಿಲ್ಲ. ನೀನೇ ಹೋಗಿ ಹೇಳು. ಈ ಗಾಯದ್ ಕಟ್ಟು ಬಿಚ್ಚೋದ್ರೊಳ್ಗೆ ಹೇಳು."

"ಹೇಳ್ತೀನಮ್ಮ," ಎಂದೆ.

ಹೇಳಲಿಲ್ಲ. ಪುಟ್ಟಸ್ವಾಮಿಯ ಮನೆಯ ಮುಂದೆ ಗಾಡಿ ನಿಲ್ಲಿಸಿ, ಜಯಮ್ಮ ಕೊಟ್ಟ ನೀರು ಕುಡಿದು, ಮಳೆಯ ಮಾತಾಡಿ ಹಿಂದಿರುಗಿದ್ದು ಎಷ್ಟು ಸಲವೋ. ಸತ್ತ ಹುಳಗಳನ್ನು ಗಂಡ ಹೆಂಡತಿ ಗುಂಡಿ ತೋಡಿ ಹೂತಿದ್ದ ಜಾಗ ಬಾಗಿಲಿಂದಲೇ ಕಾಣುತ್ತಿತ್ತು. ಸಿಸ್ಟರಮ್ಮನ ಗಾಯದ ಕಟ್ಟು ಬಿಚ್ಚಿದರು. ಅವರು ಮತ್ತೆ ಆ ವಿಷಯ ಎತ್ತಲಿಲ್ಲ. ಕಾಫಿ ಕೊಡುವುದನ್ನು ನಿಲ್ಲಿಸಿದರು. ನಾನು ವರ್ಗಾವಣೆ ಕೇಳಿಕೊಂಡು ಚನ್ನಪಟ್ಟಣಕ್ಕೆ ಬಂದುಬಿಟ್ಟೆ. ಹೆಂಡತಿಗೆ, ಮಕ್ಕಳ ಶಾಲೆಗೆ ಅನುಕೂಲ ಎಂದೆ.

ನಡುವೆ ಒಂದೇ ಸಲ ಆ ಊರಿಗೆ ಹೋಗಿದ್ದೆ. ಗೇಟಿನ ಹೊರಗಿನಿಂದಲೇ ಕಂಡಿತು. ಹೊಸ ಕುಂಡಗಳ ನಡುವೆ ಪುಟ್ಟಸ್ವಾಮಿ ಕುಕ್ಕರಗಾಲಲ್ಲಿ ಕೂತು ಎಲೆ ತಿರುವುತ್ತಾ ಹುಳ ಹಿಸುಕುತ್ತಿದ್ದ. ಹಲಗೆಯ ಮೇಲೆ ಕೂತ ಸಿಸ್ಟರಮ್ಮ ಮೂರು ಬೆರಳಿನ ಕೈ ಮುಂದೆ ಮಾಡಿ, "ಆ ಎಲೆ ಅಡೀಲಿ ನೋಡ್ಲಾ, ಕಣ್ಣಿಲ್ವ," ಎಂದು ಬೈಯುತ್ತಿದ್ದರು. ಆಸ್ಪತ್ರೆಯಿಂದ ಅವರು ಬಂದ ಮಾರನೆಯ ದಿನದಿಂದ ಅವನು ಎರಡು ಹೊತ್ತೂ ಬರುತ್ತಿದ್ದ; ನಾನು ಆ ಸೀಮೆ ಬಿಟ್ಟ ಮೇಲೂ ಒಂದು ದಿನ ತಪ್ಪಿಸಿರಲಿಲ್ಲವೆಂದು ಆಮೇಲೆ ತಿಳಿಯಿತು. ಕೊಚ್ಚಿಹೋದ ಗೆಡ್ಡೆಗಳಲ್ಲಿ ಬುಡ ಉಳಿದಿದ್ದ ಚೂರುಗಳನ್ನೆಲ್ಲ ಅವನೇ ಆಯ್ದು ಕೊಟ್ಟಿದ್ದನಂತೆ. ಹಲವು ಜಾತಿ ಮತ್ತೆ ಮೊಳೆತವು. ನೀಲಿ ಮೊಳೆಯಲಿಲ್ಲ. ನಾನು ಗೇಟು ತೆಗೆಯದೆ ಹಿಂದಿರುಗಿದೆ.

ಮಣ್ಣು ಮಾಡಿದ ದಿನ ಜನ ಬಹಳ ಸೇರಿದ್ದರು. ಅವರ ಕೈಯಲ್ಲಿ ಹುಟ್ಟಿದವರೇ ಹೆಣ ಹೊತ್ತರು. ಎಲ್ಲ ಮುಗಿದು, ಕಾಲು ತೊಳೆದು, ಜನ ಚದುರಿದ ಮೇಲೆ ಪುಟ್ಟಸ್ವಾಮಿ ಹಿತ್ತಿಲ ಬೇಲಿಯ ಹತ್ತಿರ ಒಬ್ಬನೇ ನಿಂತಿದ್ದ. ಹತ್ತಿರ ಹೋದೆ.

"ಪುಟ್ಟಸ್ವಾಮಿ, ಅವತ್ತು ಔಷಧಿ ಹೊಡೆದದ್ದು ಅವರಲ್ಲ. ನಾನು."

ಅವನಿಗೆ ಮೊದಲು ಅರ್ಥವಾಗಲಿಲ್ಲ. "ಏನು?" ಎಂದ. ಇನ್ನೊಂದು ಸಲ ಹೇಳಿದೆ. ಅವನ ಮುಖ ನಿಧಾನವಾಗಿ ಬದಲಾಯಿತು.

ಮೊದಲ ಗುದ್ದು ಬಾಯಿಗೆ ಬಿತ್ತು. ತುಟಿ ಒಡೆದು ಉಪ್ಪುಪ್ಪು ರಕ್ತ ನಾಲಿಗೆಗೆ ಬಂತು. ಬಿದ್ದೆ. ಪಕ್ಕೆಗೆ ಒದ್ದ, ಎತ್ತಿ ನಿಲ್ಲಿಸಿ ಮತ್ತೆ ಗುದ್ದಿದ, ಬೇಲಿಗೆ ಒತ್ತಿ ಹಿಡಿದು ಗುದ್ದಿದ. ಮುಳ್ಳು ಬೆನ್ನಿಗೆ ಇಳಿಯುತ್ತಿತ್ತು. "ಅವ್ವನ್ ಕೈಯ ನನ್ ಕೈಲಿ ಕಡಿಸ್ಬುಟ್ಯಲ್ಲೋ! ನನ್ ಕೈಲಿ! ನನ್ ಕೈಲಿ!" ಎಂದು ಪ್ರತಿ ಗುದ್ದಿಗೂ ಕೂಗುತ್ತಿದ್ದ. ನಾನು ಕೈ ಎತ್ತಲಿಲ್ಲ. ಜಯಮ್ಮ ಓಡಿಬಂದು ಅವನ ಸೊಂಟ ಹಿಡಿದು ಎಳೆಯುವ ತನಕ ನಡೆಯಿತು. ಎಳೆಸಿಕೊಂಡವನು ಅಲ್ಲೇ ಕೂತು ಎರಡೂ ಅಂಗೈಯನ್ನು ನೆಲಕ್ಕೆ ಬಡಿಯತೊಡಗಿದ.

"ಯಾಕ್ ಹೊಡೀತಾವ್ರೆ ಅಣ್ಣ? ಏನಾಯ್ತು?" ಎಂದು ಜಯಮ್ಮ ನನ್ನನ್ನು ಕೇಳಿದಳು. ಪುಟ್ಟಸ್ವಾಮಿ ತಲೆಯೆತ್ತದೆಯೇ ಹೇಳಿದ: "ಅವ್ನಿಗೆ ಹೋಗಾಕೆ ಹೇಳು. ಇನ್ಮೇಲ್ ಈ ಕಡೆ ಕಾಲಿಕ್ಕಿದ್ರೆ ನಾನ್ ಏನ್ ಮಾಡ್ತೀನೋ ನಂಗೇ ಗೊತ್ತಿಲ್ಲ."

ಹೊರಟೆ. ಬಸ್ಸಿನಲ್ಲಿ ಜನ ನನ್ನ ಮುಖ ನೋಡಿ ಸರಿದು ಕೂತರು.

ಮನೆಯಲ್ಲಿ ಹೆಂಡತಿ ಗಾಬರಿಯಾದಳು. ಬಿಸಿನೀರು ತಂದು ಮುಖ ಒರೆಸುತ್ತಾ, "ಸಾವಿನ ಮನೆಗೆ ಹೋಗಿ ಯಾರ ಜೊತೆ ಜಗಳಾಡ್ಕೊಂಡು ಬಂದ್ರಿ?" ಎಂದು ಕೇಳಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ನೆಂಟರು ಬಂದಿದ್ದ ಸಂಜೆಯಿಂದ ಹಿಡಿದು, ಬಾಟಲಿ, ಗಾಳಿ, ಮಚ್ಚು, ಆಸ್ಪತ್ರೆ, ವರ್ಗಾವಣೆ ಎಲ್ಲ. ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡುತ್ತಾ ಕೇಳಿದಳು:

"ಅವ್ರು ಮೊಗ್ಗಿಗೆ ಕೈ ಅಡ್ಡ ಹಿಡಿದ್ರಲ್ಲ, ಆಗ ನೀವು ಎಲ್ಲಿ ನಿಂತಿದ್ರಿ?"

ನಾನು ಕೂತಿದ್ದ ಜಾಗದಿಂದ ಅಡುಗೆಮನೆಯ ಬಾಗಿಲನ್ನು ತೋರಿಸಿದೆ. "ಇಲ್ಲಿಂದ ಅಲ್ಲಿಗೆ, ಅಷ್ಟು ದೂರ ಇತ್ತು."

ಅವಳು ತಿರುಗಿ ಆ ಬಾಗಿಲನ್ನು ನೋಡಿದಳು. ಮೂರೇ ಹೆಜ್ಜೆ. ಬಟ್ಟೆಯನ್ನು ಪಾತ್ರೆಯ ಅಂಚಿಗೆ ಇಟ್ಟು, ಎದ್ದು, ಆ ಮೂರು ಹೆಜ್ಜೆ ನಡೆದು ಒಳಗೆ ಹೋದಳು.